ಎಂಟು-ಡಾಟ್-ಮೂರು: ಫೈಲಿನ ಗಿಡ್ಡ ಹೆಸರು, ಉದ್ದ ಹೆಸರು

ವಿಂಡೋಸ್‌ನ ಹಳೆಯ ಸೆಟ್ಟಿಂಗ್ ಫೈಲುಗಳಲ್ಲಿ ‘ಪ್ರೋಗ್ರಾಮ್ ಫೈಲ್ಸ್’ ಅಂತ ಇರಬೇಕಾದ ಕಡೆ ಪಿ, ಆರ್, ಓ, ಜಿ, ಆರ್, ಎ ಎಂಬ ಆರೇ ಅಕ್ಷರ, ಅದರ ಬೆನ್ನಿಗೆ ~1 ಕಾಣಿಸುವುದುಂಟು. ಇದೇ ಗಿಡ್ಡ ಹೆಸರು, ಅಂದರೆ 8.3 ಹೆಸರು: ಚುಕ್ಕೆಗೆ ಮೊದಲು ಹೆಚ್ಚೆಂದರೆ ಎಂಟು ಅಕ್ಷರ, ಆಮೇಲೆ ಹೆಚ್ಚೆಂದರೆ ಮೂರು.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದಲ್ಲಿ, ಫ್ಯಾಟ್ ಎಂಬ ಪದ್ಧತಿಯಲ್ಲಿ ಫೈಲು ಜೋಡಿಸಿಡುವ ಡಿಸ್ಕಿನಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದು ನಮೂದು. ಅದರಲ್ಲಿ ಹೆಸರಿನ ಪಾಲು 11 ಬೈಟ್. ಚುಕ್ಕೆಯನ್ನು ಬರೆದಿಡುತ್ತಲೇ ಇರಲಿಲ್ಲ. ವಿಂಡೋಸ್ 95 ಬಂದ ಮೇಲೆ 255 ಅಕ್ಷರದವರೆಗೂ ಹೆಸರಿಡಬಹುದಾಯಿತು. ಆದರೆ ಹಳೆಯ ಪ್ರೋಗ್ರಾಮುಗಳೂ ಅದೇ ಡಿಸ್ಕನ್ನು ಓದಬೇಕಲ್ಲ! ಅದಕ್ಕೆ ಹೂಡಿದ ಉಪಾಯ ನನಗೆ ಇವತ್ತಿಗೂ ಬಲು ಇಷ್ಟ. ಉದ್ದ ಹೆಸರನ್ನು ಹದಿಮೂರು ಹದಿಮೂರು ಅಕ್ಷರದ ತುಂಡು ಮಾಡಿ, ಒಂದೊಂದನ್ನೂ ಬೇರೆ ನಮೂದಿನಲ್ಲಿಟ್ಟರು. ಆ ನಮೂದಿಗೆ ‘ಓದಲು ಮಾತ್ರ’, ‘ಅಡಗಿಸಿದ್ದು’, ‘ಸಿಸ್ಟಮ್‌ನದು’, ‘ಡಿಸ್ಕಿನ ಹೆಸರು’ ಎಂಬ ನಾಲ್ಕೂ ಗುರುತನ್ನು ಒಟ್ಟಿಗೇ ಹಚ್ಚಿದರು. ಅಂಥ ನಮೂದು ಕಂಡರೆ ಹಳೆಯ ಪ್ರೋಗ್ರಾಮು ಅದನ್ನು ದಾಟಿ ಗಿಡ್ಡ ಹೆಸರಿಗೆ ಹೋಗುತ್ತಿತ್ತು. ‘ಪ್ರೋಗ್ರಾಮ್ ಫೈಲ್ಸ್’ ಇಂಗ್ಲಿಷಿನಲ್ಲಿ ನಡುವಿನ ಖಾಲಿ ಜಾಗವೂ ಸೇರಿ ಸರಿಯಾಗಿ 13 ಅಕ್ಷರ, ಹಾಗಾಗಿ ಅದಕ್ಕೆ ಒಂದೇ ತುಂಡು ಸಾಕು.

ಪ್ರತಿ ತುಂಡಿನಲ್ಲೂ ಗಿಡ್ಡ ಹೆಸರಿನಿಂದ ಲೆಕ್ಕ ಹಾಕಿದ ಒಂದು ತಾಳೆ ಸಂಖ್ಯೆ ಇರುತ್ತದೆ. ಹಳೆಯ ಪ್ರೋಗ್ರಾಮು ಗಿಡ್ಡ ಹೆಸರನ್ನು ಬದಲಿಸಿದರೆ ತಾಳೆ ತಪ್ಪಿ ಉದ್ದ ಹೆಸರು ಕಳಚಿಹೋಗುತ್ತದೆ.

~1 ಎಂಬುದೂ ಕಾಯಂ ಅಲ್ಲ. ಮೊದಲ ಆರು ಅಕ್ಷರವೂ ಚುಕ್ಕೆಯ ನಂತರದ ಮೂರೂ ಒಂದೇ ಆಗಿರುವ, ಉದ್ದ ಹೆಸರಿನ ಇನ್ನೊಂದು ಫೈಲು ಅದೇ ಫೋಲ್ಡರಿಗೆ ಬಂದರೆ ಅದು ~2. ಬೇರೆ ಡಿಸ್ಕಿಗೆ ನಕಲು ಮಾಡುವಾಗ ಸರದಿ ಬದಲಾದರೆ ಸಂಖ್ಯೆಯೂ ಅದಲುಬದಲಾದೀತು. ಆದ್ದರಿಂದ ಪ್ರೋಗ್ರಾಮು ಬರೆಯುವವರು ಗಿಡ್ಡ ಹೆಸರನ್ನು ಎಲ್ಲೂ ಉಳಿಸಿಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕನ್ನಡದಲ್ಲಿ ಹೆಸರಿಡುವವರಿಗೆ ತೊಡಕು ಬೇರೆ ಕಡೆಯಿದೆ. ಲಿನಕ್ಸ್‌ನಲ್ಲಿ ಬಳಸುವ ಎಕ್ಸ್ಟ್4 ಎಂಬ ಪದ್ಧತಿಯ ಡಿಸ್ಕಿನಲ್ಲೂ ಮಿತಿ 255, ಆದರೆ ಅದು ಬೈಟ್ ಲೆಕ್ಕ. ‘ಕನ್ನಡ’ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಕ, ನ, ಅರ್ಧಾಕ್ಷರದ ಗುರುತು (್), ನ, ಡ ಎಂದು ಐದು ಸಂಕೇತ. ಸಂಕೇತವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ವಿಧಾನದಲ್ಲಿ ಒಂದೊಂದಕ್ಕೆ 3 ಬೈಟಿನಂತೆ 15 ಬೈಟ್. ಹೀಗೆ 85 ಸಂಕೇತಕ್ಕೇ ಜಾಗ ಮುಗಿಯುತ್ತದೆ. ಜನಪದ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು ಎಲ್ಲವನ್ನೂ ಫೈಲಿನ ಹೆಸರಲ್ಲೇ ಬರೆದಿಡುವವರಿದ್ದಾರೆ. ವಿಂಡೋಸ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿದ್ದ ಆ ಫೈಲು ಲಿನಕ್ಸಿಗೆ ನಕಲಾಗದೆ ‘ಹೆಸರು ತೀರಾ ಉದ್ದ’ ಎಂಬ ಸಂದೇಶ ಬರುತ್ತದೆ. ಆಗ ಹಾಡಿನ ಸಾಲು, ಊರನ್ನು ಜೊತೆಗೊಂದು ಪಟ್ಟಿಯ ಫೈಲಿನಲ್ಲಿ ಬರೆದು, ಹಾಡಿನ ಫೈಲಿಗೆ ಚಿಕ್ಕ ಹೆಸರಿಟ್ಟು ನಕಲು ಮಾಡಬೇಕು.