ಗೋಲ್‌ಕೀಪರ್‌ನನ್ನು ಎಲ್ಲರಿಗಿಂತ ಬೇಗ ಹೊರಗೆ ಕರೆದ ಗೋಲ್‌ಕೀಪರ್

ಐಸ್ ಹಾಕಿಯಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಪಂದ್ಯ ಮುಗಿಯೋ ಹೊತ್ತಿಗೆ ತಂಡ ಒಂದು ಗೋಲು ಹಿಂದಿದ್ದರೆ, ಕೋಚ್ ತನ್ನ ಗೋಲ್‌ಕೀಪರ್‌ನನ್ನೇ ಬೆಂಚಿಗೆ ಕರೆಸಿ, ಅವನ ಬದಲು ದಾಳಿಗೆ ಇನ್ನೊಬ್ಬನನ್ನು ಇಳಿಸುತ್ತಾನೆ. ನಮ್ಮ ಮೈದಾನದ ಹಾಕಿಯಲ್ಲೂ ಈಗ ಹೀಗೆ ಮಾಡ್ತಾರಲ್ವಾ, ಅದೇ. ಗೋಲು ಪೂರ್ತಿ ಖಾಲಿ. ಎದುರಾಳಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸಿಕ್ಕರೆ ಆ ತುದಿಯಿಂದ ಸುಮ್ನೆ ಜಾರಿಸಿದರೂ ಸಾಕು, ಕಥೆ ಮುಗೀತು. 1931ರಲ್ಲೇ ಬಾಸ್ಟನ್ ಕೋಚ್ ಆರ್ಟ್ ರಾಸ್ ಒಂದು ಪ್ಲೇಆಫ್ ಪಂದ್ಯದಲ್ಲಿ ಇದನ್ನು ಮಾಡಿ ನೋಡಿದ್ದರು, 1-0 ಸೋತರು. ಆಮೇಲೆ ಇದು ರೂಢಿಯಾಯಿತು, ಆದರೆ ಹೆಚ್ಚಿನ ಕೋಚ್‌ಗಳು ಕೊನೇ ಒಂದು ನಿಮಿಷದ ಆಸುಪಾಸಿನವರೆಗೆ ಕಾಯುತ್ತಿದ್ದರು. ಅದಕ್ಕಿಂತ ಬೇಗ ಕರೆಯೋಕೆ ಧೈರ್ಯ ಸಾಲುತ್ತಿರಲಿಲ್ಲ.

ಆ ಧೈರ್ಯಕ್ಕೆ ಹೆಸರಾದವರು ಸ್ವತಃ ಗೋಲ್‌ಕೀಪರ್. ಕೆನಡಾದ ಕ್ವಿಬೆಕ್‌ನ ಪ್ಯಾಟ್ರಿಕ್ ರುವಾ.

1984ರಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಅವರನ್ನು ಆರಿಸಿಕೊಂಡಿತು, ಅವರದು 51ನೇ ಸರದಿ, ಅಂದರೆ ಯಾರಿಗೂ ಅಂಥಾ ನಿರೀಕ್ಷೆ ಇರಲಿಲ್ಲ. ಎರಡೇ ವರ್ಷಕ್ಕೆ, 20ರ ವಯಸ್ಸಿನಲ್ಲಿ, ತಂಡಕ್ಕೆ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಟ್ರೋಫಿಯಾದ ಸ್ಟಾನ್ಲಿ ಕಪ್ ಗೆಲ್ಲಿಸಿ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. ಮಂಡಿ ಊರಿ, ಕಾಲಿನ ಪ್ಯಾಡ್‌ಗಳನ್ನು ಎರಡೂ ಕಡೆ ಹರಡಿ ಗೋಲಿನ ಕೆಳಭಾಗವನ್ನೇ ಮುಚ್ಚಿಬಿಡುವ 'ಬಟರ್‌ಫ್ಲೈ' ಶೈಲಿಯನ್ನು ಅವರೇ ಕಂಡುಹಿಡಿದದ್ದಲ್ಲ. ಆದರೆ ಕೋಚ್ ಫ್ರಾನ್ಸ್ವಾ ಅಲೇರ್ ಜೊತೆ ಸೇರಿ ಅದನ್ನು ಎಷ್ಟು ತಿದ್ದಿದರೆಂದರೆ, ಮುಂದೆ ಬಂದ ಹುಡುಗರೆಲ್ಲ ಹಾಗೇ ಆಡತೊಡಗಿದರು. ಗೋಲು ಕಂಬಗಳ ಜೊತೆ ಮಾತಾಡುತ್ತಿದ್ದರು, ಐಸ್ ಮೇಲಿನ ಗೆರೆಗಳನ್ನು ತುಳಿಯದೆ ದಾಟುತ್ತಿದ್ದರು. 1993ರಲ್ಲಿ ಹೆಚ್ಚುವರಿ ಸಮಯಕ್ಕೆ ಹೋದ 10 ಪ್ಲೇಆಫ್ ಪಂದ್ಯಗಳನ್ನು ಸಾಲಾಗಿ ಗೆದ್ದು ಮತ್ತೆ ಕಪ್ ತಂದರು. ಇಂಥವರ ಹುಚ್ಚಾಟವನ್ನು ಯಾರು ಪ್ರಶ್ನೆ ಮಾಡ್ತಾರೆ?

1995ರ ಡಿಸೆಂಬರ್ 2ಕ್ಕೆ ಎಲ್ಲ ತಲೆಕೆಳಗಾಯಿತು. ಮಾಂಟ್ರಿಯಲ್‌ನಲ್ಲೇ ಪಂದ್ಯ, ಎದುರಿಗೆ ಡೆಟ್ರಾಯಿಟ್. ಮೊದಲ ಅವಧಿ ಮುಗಿಯುವಾಗಲೇ ಡೆಟ್ರಾಯಿಟ್ 5-1 ಮುಂದಿತ್ತು. ಗೋಲ್‌ಕೀಪರ್‌ನ ದಿನ ಕೆಟ್ಟಿದೆ ಅಂತ ಕಂಡಾಗ ಕೋಚ್ ಅವನನ್ನು ಕೂರಿಸಿ ಬದಲಿಯನ್ನು ಕಳಿಸೋದು ವಾಡಿಕೆ, ಅದರಲ್ಲೂ ದೊಡ್ಡ ಆಟಗಾರನಾದರೆ ಮರ್ಯಾದೆ ಉಳಿಸೋಕಾದರೂ ಹಾಗೆ ಮಾಡ್ತಾರೆ. ಹೊಸ ಕೋಚ್ ಮಾರಿಯೋ ಟ್ರೆಂಬ್ಲೆ ಮಾಡಲಿಲ್ಲ. ಗೋಲುಗಳು ಬೀಳುತ್ತಲೇ ಹೋದವು. ನಡುವೆ ಒಂದು ಸುಲಭದ ಪಕ್ ತಡೆದಾಗ ತಮ್ಮೂರಿನ ಜನವೇ ಗೇಲಿ ಮಾಡಿ ಚಪ್ಪಾಳೆ ತಟ್ಟಿದರು. ರುವಾ ಗೆದ್ದವರ ಹಾಗೆ ಎರಡೂ ಕೈ ಮೇಲೆತ್ತಿ ತೋರಿಸಿದರು. 26 ಹೊಡೆತಕ್ಕೆ 9 ಗೋಲು ಬಿದ್ದ ಮೇಲೆ ಕೊನೆಗೂ ಕರೆ ಬಂತು. ಬೆಂಚಿಗೆ ಬಂದವರು ಟ್ರೆಂಬ್ಲೆಯನ್ನು ದುರುಗುಟ್ಟಿ ನೋಡಿ ಮುಂದೆ ಹೋದರು, ಮತ್ತೆ ತಿರುಗಿ ಬಂದು, ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಲಬ್ ಅಧ್ಯಕ್ಷ ರೊನಾಲ್ಡ್ ಕೋರಿ ಕಡೆ ಬಾಗಿ, ಮಾಂಟ್ರಿಯಲ್‌ಗೆ ಇದೇ ನನ್ನ ಕೊನೇ ಪಂದ್ಯ ಅಂದುಬಿಟ್ಟರು. ಪಂದ್ಯ ಮುಗಿದದ್ದು 11-1ಕ್ಕೆ. ನಾಲ್ಕು ದಿನಕ್ಕೆ ಅವರನ್ನು ಕೊಲೊರಾಡೊ ತಂಡಕ್ಕೆ ಕಳಿಸಿದ್ದಾಯಿತು.

ನನ್ನ ಪ್ರಕಾರ ತಪ್ಪು ಇಬ್ಬರದ್ದೂ ಇತ್ತು, ಆದರೆ ನಷ್ಟ ಆದದ್ದು ಮಾತ್ರ ಮಾಂಟ್ರಿಯಲ್‌ಗೆ. ಮುಂದಿನ ಜೂನ್‌ನಲ್ಲೇ ಕೊಲೊರಾಡೊ ಕಪ್ ಗೆದ್ದಿತು. ಕೊನೇ ಪಂದ್ಯ ಮೂರನೇ ಹೆಚ್ಚುವರಿ ಅವಧಿಗೆ ಹೋಗಿ 1-0ಗೆ ಮುಗಿಯಿತು, ರುವಾ ತಡೆದದ್ದು 63 ಹೊಡೆತ. 2001ರಲ್ಲಿ ಇನ್ನೊಂದು ಕಪ್. 2003ರಲ್ಲಿ 551 ಗೆಲುವಿನೊಂದಿಗೆ ನಿವೃತ್ತಿ.

ಆಮೇಲೆ ಊರಿಗೆ ವಾಪಸ್. ಕ್ವಿಬೆಕ್ ರಾಂಪಾರ್ ಅನ್ನೋ ಕಿರಿಯರ ತಂಡಕ್ಕೆ ಕೋಚ್ ಆಗಿ 2006ರಲ್ಲಿ ಕಿರಿಯರ ದೊಡ್ಡ ಟ್ರೋಫಿಯಾದ ಮೆಮೋರಿಯಲ್ ಕಪ್ ಗೆದ್ದರು. ಗೋಲ್‌ಕೀಪರ್ ಆಗಿದ್ದವರು ಸಾಮಾನ್ಯವಾಗಿ ಗೋಲ್‌ಕೀಪಿಂಗ್ ಕೋಚ್ ಆಗ್ತಾರೆ, ಮುಖ್ಯ ಕೋಚ್ ಆಗೋರು ಕಮ್ಮಿ. 2013ರಲ್ಲಿ ಕೊಲೊರಾಡೊ ಅವರಿಗೆ ಆ ಜಾಗ ಕೊಟ್ಟಿತು. ಮೊದಲ ಪಂದ್ಯದಲ್ಲೇ ಎದುರಾಳಿ ಕೋಚ್ ಮೇಲೆ ರೇಗಿ, ಎರಡು ಬೆಂಚುಗಳ ನಡುವಿನ ಗಾಜನ್ನೇ ತಳ್ಳಿ ಅಲ್ಲಾಡಿಸಿದರು. ಸ್ವಭಾವ ಎಲ್ಲಿ ಹೋಗುತ್ತೆ? ತಂಡ 6-1ರಿಂದ ಗೆದ್ದಿತು. ಆ ಸೀಸನ್‌ನಲ್ಲಿ 52 ಗೆಲುವು, ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿಯೂ ಬಂತು.

ಎಲ್ಲರ ಬಾಯಲ್ಲೂ ಇದ್ದದ್ದು ಮಾತ್ರ ಆ ಖಾಲಿ ಗೋಲು. 2014ರ ಪ್ಲೇಆಫ್, ಮಿನೆಸೋಟ ಎದುರಿನ ಏಳು ಪಂದ್ಯಗಳ ಸರಣಿಯ ಮೊದಲ ಪಂದ್ಯ. ಒಂದು ಗೋಲು ಹಿಂದೆ, ಇನ್ನೂ ಮೂರು ನಿಮಿಷದಷ್ಟು ಆಟ ಬಾಕಿ. ರುವಾ ಆಗಲೇ ಗೋಲ್‌ಕೀಪರ್ ವಾರ್ಲಮೋವ್‌ನನ್ನು ಕರೆಸಿಬಿಟ್ಟರು. 13 ಸೆಕೆಂಡ್ ಉಳಿದಿರುವಾಗ ಪಾಲ್ ಸ್ಟಾಸ್ಟ್ನಿ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಅವನೇ ಗೆಲ್ಲಿಸಿದ. ಐದನೇ ಪಂದ್ಯದಲ್ಲೂ ಇದೇ ಉಪಾಯ ಫಲಿಸಿತು. ಲೆಕ್ಕ ಸರಳ: ಸೋಲು ಒಂದು ಗೋಲಿನದ್ದಾದರೇನು, ಎರಡರದ್ದಾದರೇನು? ಗೋಲ್‌ಕೀಪರ್ ಬದಲು ಇಳಿದ ಆರನೇ ಆಟಗಾರನಿಗೆ ಜಾಸ್ತಿ ಹೊತ್ತು ಕೊಟ್ಟಷ್ಟೂ ಸಮ ಮಾಡುವ ಅವಕಾಶ ಜಾಸ್ತಿ. ಈಗ ಎರಡು-ಮೂರು ನಿಮಿಷ ಇರುವಾಗಲೇ ಕರೆಯೋದು ಲೀಗ್‌ನಲ್ಲಿ ಮಾಮೂಲು.

ಆ ಸರಣಿಯನ್ನೇನೋ ಕೊಲೊರಾಡೊ ಏಳನೇ ಪಂದ್ಯದಲ್ಲಿ ಸೋತಿತು. ಆಟಗಾರರ ಆಯ್ಕೆಯಲ್ಲಿ ತನ್ನ ಮಾತು ನಡೆಯುತ್ತಿಲ್ಲ ಅಂತ 2016ರ ಆಗಸ್ಟ್‌ನಲ್ಲಿ ರುವಾ ರಾಜೀನಾಮೆ ಕೊಟ್ಟರು. ಅದೂ ಹಳೇ ಸಹ ಆಟಗಾರ ಜೋ ಸ್ಯಾಕಿಕ್ ತಂಡದ ಆಡಳಿತ ನೋಡಿಕೊಳ್ಳುತ್ತಿದ್ದಾಗ. ಮತ್ತೆ ರಾಂಪಾರ್, 2023ರಲ್ಲಿ ಮತ್ತೆ ಮೆಮೋರಿಯಲ್ ಕಪ್. 2024ರ ಜನವರಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಸೀಸನ್ ಮಧ್ಯದಲ್ಲೇ ಕರೆಯಿತು, ಮಾರನೇ ದಿನವೇ ಡಲ್ಲಾಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 3-2ರ ಗೆಲುವು.