"ಇದು ನಿಜವಾದ ಮೂಳೆನಾ?": ಮ್ಯೂಸಿಯಂನ ಹಳೇ ಪ್ರಶ್ನೆಯ ಹಿಂದಿನ ಕಥೆ

ನಿಸರ್ಗ ಇತಿಹಾಸದ ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರಿಗೆ ಒಂದು ಪ್ರಶ್ನೆಯಿಂದ ಬಿಡುಗಡೆಯೇ ಇಲ್ಲ. ಡೈನೋಸಾರ್ ಮುಂದೆ ನಿಂತು ಮಕ್ಕಳೂ ಅದನ್ನೇ ಕೇಳುತ್ತಾರೆ, ದೊಡ್ಡವರೂ ಅದನ್ನೇ ಕೇಳುತ್ತಾರೆ: "ಇದು ನಿಜವಾದ ಮೂಳೆನಾ?" ಎಷ್ಟೋ ಸಲ ಉತ್ತರ "ಅಲ್ಲ, ಅಚ್ಚು ತೆಗೆದಿದ್ದು" ಎಂದಾಗಿರುತ್ತದೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೆ ಈ ಪ್ರಶ್ನೆ ಡೈನೋಸಾರ್‌ಗಳಿಗೆ ಹೆಸರಿಡುವುದಕ್ಕೂ ಮೊದಲಿನದು. ಮ್ಯೂಸಿಯಂಗಳು ಬೆಳೆದಿದ್ದು, ಇಟ್ಟಿದ್ದನ್ನು ಪದೇ ಪದೇ ಕಳಚಿ ಬೇರೆ ಥರ ಜೋಡಿಸಿದ್ದು, ಬಹುಮಟ್ಟಿಗೆ ಇದರ ಕಾಟಕ್ಕೇ.

ಮೊದಲು ಇದ್ದಿದ್ದು ಶ್ರೀಮಂತರ, ವೈದ್ಯರ ಮನೆಯ ವಿಚಿತ್ರ ವಸ್ತುಗಳ ಕೋಣೆಗಳು. ನೇಪಲ್ಸ್‌ನ ಫೆರಾಂಟೆ ಇಂಪೆರಾಟೊ 1599ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅವನ ಕೋಣೆಯ ಚಿತ್ರವೇ ಇದೆ. ಚಾವಣಿಗೆ ಒಂದು ಇಡೀ ಮೊಸಳೆ ಅಂಟಿಕೊಂಡಿದೆ. ಸುತ್ತ ಚಿಪ್ಪು, ಮೀನು, ಕಲ್ಲು, ಹಕ್ಕಿ. ಬಂದ ಅತಿಥಿಗಳು ತಲೆ ಎತ್ತಿ ಬಾಯಿ ಬಿಟ್ಟು ನೋಡಲಿ ಅನ್ನುವುದೇ ಉದ್ದೇಶ. ಆ ಕಾಲದ ಇಂಥ ಕೋಣೆಗಳಲ್ಲಿ ಜನ ಆಸೆಪಟ್ಟು ಹುಡುಕುತ್ತಿದ್ದ ವಸ್ತು ಯುನಿಕಾರ್ನ್ ಅನ್ನುವ ಒಂಟಿ ಕೊಂಬಿನ ಕುದುರೆಯ ಕೊಂಬು. ಅದು ವಿಷ ಇಳಿಸುತ್ತದೆ ಎಂಬ ನಂಬಿಕೆ ಇತ್ತು. ಬೆಲೆಯೂ ಹಾಗೇ ಇತ್ತು. ಕೋಪನ್‌ಹೇಗನ್‌ನ ವೈದ್ಯ ಓಲೆ ವರ್ಮ್ 1638ರಲ್ಲಿ ಇದರ ಗುಟ್ಟು ಬಿಚ್ಚಿದ. ಕೊಂಬು ಅಂಟಿಕೊಂಡೇ ಇದ್ದ ತಲೆಬುರುಡೆ ನೋಡಿ, ಇದು ಕುದುರೆಯದಲ್ಲ, ನಾರ್ವಾಲ್ ಎಂಬ ಉತ್ತರದ ಸಮುದ್ರದ ತಿಮಿಂಗಿಲದ ಹಲ್ಲು ಎಂದ. ಕೊಂಬೂ ಅಲ್ಲ, ಹಲ್ಲು!

ಇವೆಲ್ಲ ಖಾಸಗಿ ಕೋಣೆಗಳು. ಸಾಮಾನ್ಯ ಜನರಿಗೆ ಬಾಗಿಲು ತೆರೆದಿದ್ದು ನಿಧಾನವಾಗಿ. ಲಂಡನ್ನಿನ ವೈದ್ಯ ಹ್ಯಾನ್ಸ್ ಸ್ಲೋನ್ 1753ರಲ್ಲಿ ತೀರಿಕೊಂಡಾಗ ಅವನ ಬಳಿ 71,000ಕ್ಕೂ ಜಾಸ್ತಿ ವಸ್ತುಗಳಿದ್ದವು. ಅದನ್ನು ಪಾರ್ಲಿಮೆಂಟ್ ಕೊಂಡುಕೊಂಡಿತು. 1759ರಲ್ಲಿ ಬ್ರಿಟಿಷ್ ಮ್ಯೂಸಿಯಂ ಶುರುವಾಯಿತು. ಪ್ರವೇಶ ಉಚಿತ, ಆದರೆ ಮೊದಲೇ ಅರ್ಜಿ ಬರೆದುಕೊಡಬೇಕು, ಚೀಟಿ ಸಿಗುವವರೆಗೆ ಕಾಯಬೇಕು, ಆಮೇಲೆ ಗುಂಪಿನಲ್ಲಿ ಗಡಿಬಿಡಿಯಿಂದ ಒಂದು ಸುತ್ತು. ಕಾಗದದ ಮೇಲೆ ಎಲ್ಲರಿಗೂ ಮುಕ್ತ, ಅಷ್ಟೇ.

ಜನರನ್ನು ನಿಜಕ್ಕೂ ಎಳೆದು ತಂದಿದ್ದು ಡೈನೋಸಾರ್. ಇಂಗ್ಲೆಂಡಿನ ರಾಬರ್ಟ್ ಪ್ಲಾಟ್ 1677ರಲ್ಲಿ ಒಂದು ದೊಡ್ಡ ತೊಡೆಮೂಳೆಯ ತುಂಡಿನ ಚಿತ್ರ ಅಚ್ಚು ಹಾಕಿಸಿ, ಇದು ದೈತ್ಯ ಮನುಷ್ಯನದು ಎಂದು ತೀರ್ಮಾನಿಸಿದ್ದ. ಅದು ಬಹುಶಃ ಮೆಗಲೋಸಾರಸ್‌ನದು. ವಿಲಿಯಂ ಬಕ್‌ಲ್ಯಾಂಡ್ ಆ ಹೆಸರಿಟ್ಟು ವಿವರಿಸಿದ್ದು 1824ರಲ್ಲಿ. ಮರುವರ್ಷ ಗಿಡಿಯನ್ ಮ್ಯಾಂಟೆಲ್ ಇಗ್ವಾನೊಡಾನ್ ಅನ್ನು ವಿವರಿಸಿದ. 1842ರಲ್ಲಿ ರಿಚರ್ಡ್ ಓವನ್ ಇವನ್ನೆಲ್ಲ ಸೇರಿಸಿ ಡೈನೋಸಾರ್ ಎಂಬ ಗುಂಪು ಮಾಡಿದ. ಇದೇ ವರ್ಷಗಳಲ್ಲಿ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಮೇರಿ ಆನಿಂಗ್ ಎಂಬ ಬಡ ಹೆಣ್ಣುಮಗಳು ಬಂಡೆಗಳಿಂದ ಕಡಲ ಸರೀಸೃಪಗಳನ್ನು ಬಿಡಿಸಿ ತೆಗೆದು ಮಾರುತ್ತಿದ್ದಳು. ಅವಳ ಪಳೆಯುಳಿಕೆಗಳು ಮ್ಯೂಸಿಯಂಗಳಿಗೆ ಹೋದವು. ಹೆಸರು ಮಾತ್ರ ಕೊಂಡವರದು, ಕೊಟ್ಟವರದು.

ಇಗ್ವಾನೊಡಾನ್ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮ್ಯಾಂಟೆಲ್ ಕೈಗೆ ಸಿಕ್ಕ ಮೂಳೆಗಳ ಜತೆ ಒಂದು ಚೂಪಾದ ಮೊಳೆಯಂಥ ಮೂಳೆ ಇತ್ತು. ಖಡ್ಗಮೃಗಕ್ಕೆ ಇದ್ದಹಾಗೆ ಮೂಗಿನ ಮೇಲಿನ ಕೊಂಬು ಇರಬೇಕು ಎಂದುಕೊಂಡರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ನಿಜ ಗಾತ್ರದ ಡೈನೋಸಾರ್ ಪ್ರತಿಮೆಗಳನ್ನು ನಿಲ್ಲಿಸಿದಾಗ ಇಗ್ವಾನೊಡಾನ್ ಮೂಗಿನ ಮೇಲೆ ಕೊಂಬು ಕೂರಿಸಿದ. ಅದಕ್ಕೂ ಮುಂಚೆ, 1853ರ ಕೊನೆಯ ರಾತ್ರಿ, ಆ ಪ್ರತಿಮೆಯ ಅಚ್ಚಿನೊಳಗೇ ಮೇಜು ಹಾಕಿಸಿ ವಿಜ್ಞಾನಿಗಳಿಗೆ ಔತಣ ಕೊಟ್ಟಿದ್ದ. ಪ್ರಚಾರದ ಕಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಇಗ್ವಾನೊಡಾನ್‌ಗಳ ಇಡೀ ಹಿಂಡೇ ಸಿಕ್ಕಿತು, ಮೂಳೆಗಳು ಜೋಡಣೆ ತಪ್ಪದ ಹಾಗೆ. ನೋಡಿದರೆ ಆ ಕೊಂಬು ಮೂಗಿನದಲ್ಲ, ಹೆಬ್ಬೆರಳಿನದು. ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಸುಟ್ಟುಹೋಯಿತು. ಪ್ರತಿಮೆಗಳು ಉಳಿದಿವೆ, ಮೂಗಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ. ಅದನ್ನು ಸರಿಪಡಿಸದೆ ಬಿಟ್ಟಿದ್ದು ಒಳ್ಳೆಯದೇ ಆಯಿತು. 1854ರ ಜನ ಏನು ನೋಡಿದರೋ ಅದನ್ನೇ ನಾವೂ ನೋಡಬಹುದಲ್ವಾ.

ಡೈನೋಸಾರ್ ಅಸ್ಥಿಪಂಜರವನ್ನೇ ಎದ್ದು ನಿಲ್ಲಿಸುವ ಕೆಲಸ ಮೊದಲು ನಡೆದಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, 1868ರಲ್ಲಿ. ಹ್ಯಾಡ್ರೊಸಾರಸ್ ಎಂಬ ಡೈನೋಸಾರ್, ಜೋಡಿಸಿದವನು ಅದೇ ಹಾಕಿನ್ಸ್. ತಲೆಬುರುಡೆ ಸಿಕ್ಕಿರಲಿಲ್ಲ. ಅವನು ಇಗ್ವಾನಾ ಹಲ್ಲಿಯ ತಲೆ ನೋಡಿಕೊಂಡು ಒಂದು ತಲೆ ಮಾಡಿಟ್ಟ. ಅಂದರೆ ಜಗತ್ತಿನ ಮೊದಲ ಡೈನೋಸಾರ್ ಪಂಜರದಲ್ಲೇ ನಿಜ ಮತ್ತು ಊಹೆ ಬೆರೆತಿದ್ದವು. ಜನ ಮುಗಿಬಿದ್ದರು. ಶಾಂತವಾಗಿ ಅಧ್ಯಯನ ಮಾಡಿಕೊಂಡಿದ್ದ ವಿದ್ವಾಂಸರ ಸಂಸ್ಥೆಗೆ ಗುಂಪು ಸಂಭಾಳಿಸುವುದೇ ತಲೆನೋವಾಯಿತು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1881ರಲ್ಲಿ ತೆರೆಯಿತು. ಅದರ ಗೋಡೆಗಳನ್ನು ಗಮನಿಸಿ. ಒಂದು ಕಡೆಯ ಗೋಡೆಯಲ್ಲಿ ಬದುಕಿರುವ ಪ್ರಾಣಿಗಳ ಸುಟ್ಟ ಮಣ್ಣಿನ ಶಿಲ್ಪಗಳು, ಇನ್ನೊಂದು ಕಡೆ ಅಳಿದುಹೋದವು. ಹೀಗೆ ಬೇರೆ ಬೇರೆ ಇಡಿಸಿದ್ದು ಓವನ್. ಬದುಕಿರುವ ಪ್ರಾಣಿಗಳು ಅಳಿದುಹೋದವುಗಳಿಂದಲೇ ಬದಲಾಗುತ್ತ ಬಂದವು ಎಂದು ಡಾರ್ವಿನ್ ಹೇಳಿದ್ದು ಅವನಿಗೆ ಒಪ್ಪಿಗೆ ಇರಲಿಲ್ಲ. ಆದರೆ ಕಟ್ಟಡ ತೆರೆದ ನಾಲ್ಕೇ ವರ್ಷಕ್ಕೆ ಡಾರ್ವಿನ್ ಪ್ರತಿಮೆ ಅದರೊಳಗೆ ಬಂತು.

ಆ ಮ್ಯೂಸಿಯಂನ ನಿಜವಾದ ತಾರೆ ಮಾತ್ರ ಒಂದು ನಕಲು. ಉಕ್ಕಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಆಂಡ್ರೂ ಕಾರ್ನೆಗಿ ಬಳಿ ಡಿಪ್ಲೊಡೋಕಸ್ ಎಂಬ ದೈತ್ಯ ಡೈನೋಸಾರಿನ ಚಿತ್ರ ನೋಡಿದ ದೊರೆ ಏಳನೇ ಎಡ್ವರ್ಡ್, ನಮಗೂ ಇಂಥದ್ದೊಂದು ಬೇಕು ಎಂದ. ಇನ್ನೊಂದು ಡಿಪ್ಲೊಡೋಕಸ್ ಎಲ್ಲಿಂದ ತರುವುದು? ಕಾರ್ನೆಗಿ ಪ್ಲಾಸ್ಟರ್ ಅಚ್ಚು ತೆಗೆಸಿದ. 292 ಮೂಳೆಗಳ ಅಚ್ಚು 36 ಪೆಟ್ಟಿಗೆಗಳಲ್ಲಿ ಹಡಗೇರಿ ಬಂತು. 1905ರಲ್ಲಿ ಲಂಡನ್ನಿನಲ್ಲಿ ನಿಂತಿತು. ಆಮೇಲೆ ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಹೀಗೆ ಊರೂರಿಗೆ ಪ್ರತಿಗಳು ಹೋದವು. ಎಷ್ಟೋ ಜನ ಯುರೋಪಿಯನ್ನರು ನೋಡಿದ ಮೊದಲ ದೈತ್ಯ ಡೈನೋಸಾರ್ ಪ್ಲಾಸ್ಟರಿನದು. ಬೆರಗಿಗೆ ಅದರಿಂದ ಏನೂ ಕಮ್ಮಿ ಆಗಲಿಲ್ಲ. 2017ರಲ್ಲಿ ಲಂಡನ್ನಿನ ದೊಡ್ಡ ಹಜಾರದಿಂದ ಅದನ್ನು ಇಳಿಸಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ನಿಜ ಅಸ್ಥಿಪಂಜರ ತೂಗುಹಾಕಿದರು. ಜನ ಸುಮ್ನೆ ಇರಲಿಲ್ಲ, ನಮ್ಮ ಡಿಪ್ಪಿ ಬೇಕು ಎಂದು ಗಲಾಟೆ ಎಬ್ಬಿಸಿದರು.

ನಿಂತಿರುವ ಭಂಗಿಯೂ ಆಗಾಗ ಬದಲಾಗಿದೆ. ನ್ಯೂಯಾರ್ಕಿನ ಟಿರನೊಸಾರಸ್ 1915ರಲ್ಲಿ ಬಾಲ ನೆಲಕ್ಕೆ ಊರಿ ನೆಟ್ಟಗೆ ನಿಂತಿತ್ತು. ಆದರೆ ಡೈನೋಸಾರ್ ಹೆಜ್ಜೆಗುರುತು ಇರುವ ಬಂಡೆಗಳಲ್ಲಿ ಬಾಲ ಎಳೆದ ಗೆರೆ ಸಿಗುವುದು ತೀರಾ ಅಪರೂಪ. ಜಾನ್ ಆಸ್ಟ್ರಮ್ 1969ರಲ್ಲಿ ವಿವರಿಸಿದ ಡೈನೊನಿಕಸ್ ಚುರುಕಾಗಿ ಓಡುವ ಬೇಟೆಗಾರ ಪ್ರಾಣಿ. 1996ರಲ್ಲಿ ಚೀನಾದಲ್ಲಿ ಪುಕ್ಕದಂಥ ಹೊದಿಕೆ ಇದ್ದ ಸೈನೊಸಾರೊಪ್ಟರಿಕ್ಸ್ ಎಂಬ ಡೈನೋಸಾರ್ ಬೆಳಕಿಗೆ ಬಂತು. 1990ರ ದಶಕದಲ್ಲಿ ಮ್ಯೂಸಿಯಂಗಳು ಬಾಲಗಳನ್ನು ನೆಲದಿಂದ ಎತ್ತಿದವು, ಬೆನ್ನು ಅಡ್ಡಕ್ಕೆ ಬಂತು. ಹಾಗಾಗಿ "ಮೂಳೆ ನಿಜವಾ" ಎಂದು ಕೇಳಿದ ಮೇಲೆ "ನಿಂತಿರೋದು ಸರಿಯಾ" ಎಂದೂ ಕೇಳಬೇಕು.

ಪ್ರಾಣಿಗಳ ವಿಭಾಗಕ್ಕೆ ಬಂದರೆ ಪ್ರಶ್ನೆಯ ಬಣ್ಣವೇ ಬೇರೆ. ಇಲ್ಲಿ ಚರ್ಮ ನಿಜದ್ದೇ. ಅದಕ್ಕೇ ಕಸಿವಿಸಿ. ಮೊದಲು ತೊಗಲಿನೊಳಗೆ ಒಣಹುಲ್ಲು ತುಂಬಿ ಹೊಲಿಯುತ್ತಿದ್ದರು, ಪ್ರಾಣಿ ದಿಂಬಿನ ಹಾಗೆ ಕಾಣುತ್ತಿತ್ತು. ಕಾರ್ಲ್ ಏಕ್ಲಿ ಇದನ್ನು ಬದಲಿಸಿದ. ಪ್ರಾಣಿಯ ಮಾಂಸಖಂಡ, ನರ ಎಲ್ಲ ಎದ್ದು ಕಾಣುವಂತೆ ಜೇಡಿಮಣ್ಣಿನಲ್ಲಿ ಪೂರ್ತಿ ರೂಪ ತಿದ್ದುವುದು, ಅದರ ಅಚ್ಚಿನಿಂದ ಹಗುರವಾದ ಟೊಳ್ಳು ಮೈ ಮಾಡುವುದು, ಹದಮಾಡಿದ ಚರ್ಮವನ್ನು ಅದರ ಮೇಲೆ ಕೂರಿಸುವುದು. ಹಿಂದೆ ಆ ಜಾಗದ್ದೇ ಬೆಟ್ಟ, ಆಕಾಶದ ಚಿತ್ರ. ನ್ಯೂಯಾರ್ಕಿನಲ್ಲಿ ಅವನ ಹೆಸರಿನ ಆಫ್ರಿಕಾ ಪ್ರಾಣಿಗಳ ಹಜಾರ ತೆರೆದಿದ್ದು 1936ರಲ್ಲಿ. ಅವನು ಹತ್ತು ವರ್ಷ ಮುಂಚೆಯೇ ಕಾಂಗೋದಲ್ಲಿ ಸತ್ತಿದ್ದ. ಅಲ್ಲಿ ಇಟ್ಟಿರುವ ಗೊರಿಲ್ಲಾಗಳಿಗಾಗಿ 1921ರಲ್ಲಿ ಬೇಟೆಗೆ ಹೋದವನೂ ಅವನೇ. ಆ ಬೇಟೆಯಿಂದ ಮನಸ್ಸು ಕೆಟ್ಟು, ಗೊರಿಲ್ಲಾಗಳಿಗೆ ಕಾದಿಟ್ಟ ಕಾಡು ಬೇಕೆಂದು, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂನ ದೊರೆಯ ಬೆನ್ನುಬಿದ್ದವನೂ ಅವನೇ. 1925ರಲ್ಲಿ ಆ ಉದ್ಯಾನ ಆಯಿತು. ಇವತ್ತಿನ ವಿರುಂಗಾ ಅದೇ.

ಪ್ರದರ್ಶನಕ್ಕಿಟ್ಟಿದ್ದು ಮ್ಯೂಸಿಯಂನಲ್ಲಿ ಇರುವುದರ ಒಂದು ಚೂರು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುಮಾರು 8 ಕೋಟಿ ವಸ್ತುಗಳಿವೆ, ಜಾಸ್ತಿ ಪಾಲು ಡ್ರಾಯರಿನಲ್ಲಿ. ಯಾಕೆ ಇಷ್ಟೊಂದು? ಹಕ್ಕಿಮೊಟ್ಟೆಗಳನ್ನೇ ನೋಡಿ. ಡೆರೆಕ್ ರ್ಯಾಟ್‌ಕ್ಲಿಫ್ 1967ರಲ್ಲಿ ಹಳೇ ಸಂಗ್ರಹಗಳ ಮೊಟ್ಟೆಚಿಪ್ಪುಗಳನ್ನು ಅಳೆದು, ತೂಗಿ, ಬೇಟೆ ಹಕ್ಕಿಗಳ ಮೊಟ್ಟೆ 1940ರ ದಶಕದಿಂದ ತೆಳ್ಳಗಾಗಿದೆ ಎಂದು ತೋರಿಸಿದ. ಡಿಡಿಟಿ ಕೀಟನಾಶಕದ ಮೇಲಿನ ಆರೋಪಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. ಮೊಟ್ಟೆ ಕೂಡಿಟ್ಟವರು ಯಾರೂ ಇದನ್ನು ಕನಸಿನಲ್ಲೂ ನೆನೆದಿರಲಿಲ್ಲ.

ಖನಿಜಗಳ ಕೋಣೆಯಲ್ಲಿ ಸಾಮಾನ್ಯವಾಗಿ ಗದ್ದಲ ಕಮ್ಮಿ. ಜನ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ನನಗೇನೋ ಇದು ಅನ್ಯಾಯ ಅನ್ನಿಸುತ್ತದೆ. ಯಾಕೆಂದರೆ ಪಕ್ಕದ ಡೈನೋಸಾರ್ ಮೂಳೆಯೂ ಬಹುಪಾಲು ಖನಿಜವೇ. ಲಕ್ಷಾಂತರ ವರ್ಷ ನೆಲದ ನೀರು ಮೂಳೆಯ ಸಂದುಗಳಲ್ಲಿ ಖನಿಜ ತುಂಬಿ ಕಲ್ಲು ಮಾಡಿದೆ. ಅದಕ್ಕೇ ಅದು ಅಷ್ಟು ಭಾರ. ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಟಿರನೊಸಾರಸ್ 'ಸ್ಯೂ'ನ ನಿಜ ತಲೆಬುರುಡೆಯನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಪಂಜರದ ಮೇಲೆ ಹಗುರವಾದ ಅಚ್ಚಿನ ತಲೆ ಕೂರಿಸಿರುವುದೂ ಇದಕ್ಕೇ. ಆಸ್ಟ್ರೇಲಿಯಾದಲ್ಲಿ 'ಎರಿಕ್' ಎಂಬ ಕಡಲ ಸರೀಸೃಪದ ಮೂಳೆಗಳು ಪೂರ್ತಿ ಓಪಲ್ ಆಗಿವೆ. ರತ್ನದ ವ್ಯಾಪಾರಿಗಳು ಅದನ್ನು ತುಂಡು ಮಾಡಿ ಮಾರಿಯಾರು ಎಂಬ ಭಯಕ್ಕೆ ಜನ ಚಂದಾ ಎತ್ತಿ ಮ್ಯೂಸಿಯಂಗೆ ಕೊಡಿಸಿದರು. ಅಷ್ಟೇಕೆ, ಡೈನೋಸಾರ್‌ಗಳು ಅಳಿದಿದ್ದು ಹೇಗೆ ಎಂಬುದಕ್ಕೆ ಸುಳಿವು ಸಿಕ್ಕಿದ್ದೂ ಮೂಳೆಯಲ್ಲಲ್ಲ, ಜೇಡಿಮಣ್ಣಿನ ಒಂದು ತೆಳು ಪದರದಲ್ಲಿ. ಭೂಮಿಯ ಮೇಲ್ಪದರದಲ್ಲಿ ಅಪರೂಪವಾದ, ಆಕಾಶದ ಬಂಡೆಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಲೋಹ ಅದರಲ್ಲಿ ಜಾಸ್ತಿ ಇರುವುದನ್ನು 1980ರಲ್ಲಿ ಆಲ್ವರೆಜ್ ತಂದೆ ಮಗ ಮತ್ತು ಜತೆಗಾರರು ತೋರಿಸಿ, ಆಕಾಶದಿಂದ ದೊಡ್ಡ ಬಂಡೆ ಬಿದ್ದಿರಬೇಕು ಎಂದರು.

ಆಕಾಶದ ಬಂಡೆ ಎಂದರೆ ಜನರಿಗೂ ಬಲು ಆಸೆ. ಉಲ್ಕಾಶಿಲೆ ಸಿಕ್ಕಿದೆ ಎಂದು ಮ್ಯೂಸಿಯಂಗಳಿಗೆ ಕಲ್ಲು ತರುವವರಿಗೆ ಲೆಕ್ಕವಿಲ್ಲ. ಬಹಳಷ್ಟು ಸಲ ಅದು ಲೋಹ ಕರಗಿಸಿದಾಗ ಉಳಿದ ಕಿಟ್ಟ, ಇಲ್ಲವೇ ಕಬ್ಬಿಣದ ಅದಿರು. ಮೈತುಂಬ ಗುಳ್ಳೆಯಂಥ ತೂತುಗಳಿದ್ದರೆ ಆಸೆ ಬಿಡಬಹುದು. ಆಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ಉಲ್ಕೆ ಆಗುವುದಿಲ್ಲ, ಅದಿರೂ ಅಂಟುತ್ತದೆ.

ಖನಿಜದ ಕೋಣೆಯಲ್ಲಿ ಗುಂಪು ಸೇರುವ ಒಂದು ಜಾಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ. ಅಲ್ಲಿ ಹೋಪ್ ವಜ್ರ ಇದೆ. 45.52 ಕ್ಯಾರೆಟ್, ಬೋರಾನ್ ಬೆರೆತು ಕಡುನೀಲಿ. 1958ರಲ್ಲಿ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಇದನ್ನು ಮ್ಯೂಸಿಯಂಗೆ ಕಳಿಸಿದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ, ವಿಮೆ ಸೇರಿ 145 ಡಾಲರ್ 29 ಸೆಂಟ್ ಖರ್ಚು ಮಾಡಿ. ಇದರ ಮೂಲ ಗೋಲ್ಕೊಂಡ ಸೀಮೆಯ ಗಣಿ. ಟ್ಯಾವರ್ನಿಯೆ ಎಂಬ ವ್ಯಾಪಾರಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಮಾರಿದ ದೊಡ್ಡ ನೀಲಿ ವಜ್ರ, ಕೆತ್ತಿಸಿಕೊಂಡು ಫ್ರೆಂಚ್ ಬ್ಲೂ ಆಯಿತು. 1792ರಲ್ಲಿ ಕಳ್ಳತನವಾಯಿತು. 20 ವರ್ಷದ ಮೇಲೆ ಲಂಡನ್ನಿನಲ್ಲಿ ಬೇರೊಂದು, ಚಿಕ್ಕ ನೀಲಿ ವಜ್ರ ಕಾಣಿಸಿತು, ಅದೇ ಇವತ್ತಿನ ಹೋಪ್. ಕದ್ದಿದ್ದನ್ನೇ ಮತ್ತೆ ಕೆತ್ತಿದ್ದು ಎಂಬ ಗುಮಾನಿ ಮೊದಲಿಂದ ಇತ್ತು, ಪುರಾವೆ ಇರಲಿಲ್ಲ. 2007ರಲ್ಲಿ ಪ್ಯಾರಿಸ್‌ನ ನಿಸರ್ಗ ಇತಿಹಾಸ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಸೀಸದ ತುಂಡು ಸಿಕ್ಕಿತು. ನೋಡಿದರೆ ಅದು ಕಳುವಾದ ಫ್ರೆಂಚ್ ಬ್ಲೂನ ಅಚ್ಚು. ಅಳತೆ ಹಿಡಿದು ಕಂಪ್ಯೂಟರಿನಲ್ಲಿ ಕೂರಿಸಿದರೆ ಹೋಪ್ ವಜ್ರ ಅದರೊಳಗೆ ಸರಿಯಾಗಿ ಹಿಡಿಯಿತು. ನಿಜ ವಜ್ರದ ಗುರುತು ಹೇಳಿದ್ದು ಬೆಲೆಯಿಲ್ಲದ ಸೀಸದ ನಕಲು! ಅಚ್ಚು ಎಂದ ಕೂಡಲೇ ಮೂಗು ಮುರಿಯುವವರಿಗೆ ಇದನ್ನು ಹೇಳಬೇಕು.

ಈಗೀಗ ಹಳೇ ಪ್ರಶ್ನೆಯ ಪಕ್ಕಕ್ಕೆ ಇನ್ನೊಂದು ಬಂದು ನಿಂತಿದೆ: ಇದು ಯಾರದು? ಬರ್ಲಿನ್ನಿನಲ್ಲಿ 13 ಮೀಟರಿಗೂ ಎತ್ತರ ನಿಂತಿರುವ ಜಿರಾಫಟೈಟನ್ ಎಂಬ ಡೈನೋಸಾರ್ ಬಂದಿದ್ದು ಇವತ್ತಿನ ಟಾಂಜಾನಿಯಾದ ತೆಂಡಗುರುವಿನಿಂದ. ಆಗ ಅದು ಜರ್ಮನಿಯ ವಸಾಹತು. 1909ರಿಂದ 1913ರವರೆಗೆ ನೂರಾರು ಸ್ಥಳೀಯರು ಅಗೆದು, ಮೂಳೆಗಳನ್ನು ಹೊತ್ತು ಲಿಂಡಿ ಬಂದರಿಗೆ ನಡೆದರು. ಹಾಗೇ ಬ್ರೆಜಿಲ್‌ನಿಂದ ಜರ್ಮನಿಗೆ ಹೋಗಿದ್ದ 'ಉಬಿರಜಾರಾ' ಎಂಬ ಪುಟ್ಟ ಡೈನೋಸಾರ್ ಪಳೆಯುಳಿಕೆ, ಬ್ರೆಜಿಲ್ ಜನ ಇಂಟರ್‌ನೆಟ್ಟಿನಲ್ಲಿ ಪಟ್ಟುಹಿಡಿದ ಮೇಲೆ 2023ರಲ್ಲಿ ವಾಪಸ್ ಬಂತು. ಮನೆಯಲ್ಲಿದ್ದರೆ ಭದ್ರ ಎಂದೂ ಹೇಳುವ ಹಾಗಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ರಿಯೊದ ನ್ಯಾಷನಲ್ ಮ್ಯೂಸಿಯಂ ಸುಟ್ಟು, ಸುಮಾರು 2 ಕೋಟಿ ವಸ್ತುಗಳಲ್ಲಿ ಬಹುಪಾಲು ಹೋಯಿತು. ಐದು ಟನ್ನಿಗೂ ಹೆಚ್ಚು ತೂಗುವ ಬೆಂಡೆಗೊ ಉಲ್ಕಾಶಿಲೆಗೆ ಮಾತ್ರ ಏನೂ ಆಗಲಿಲ್ಲ.

ದುಡ್ಡಿನ ಆಟವೂ ಜೋರಾಗಿದೆ. 'ಸ್ಯೂ' ಯಾರಿಗೆ ಸೇರಬೇಕು ಎಂಬ ಜಗಳ ಕೋರ್ಟಿಗೆ ಹೋಗಿ, 1997ರಲ್ಲಿ ಹರಾಜಾದಾಗ 83 ಲಕ್ಷ ಡಾಲರ್ ದಾಟಿತ್ತು. ಆಗ ಫೀಲ್ಡ್ ಮ್ಯೂಸಿಯಂ ಕಂಪನಿಗಳ ನೆರವಿನಿಂದ ಅದನ್ನು ಕೊಂಡಿತು. 2020ರಲ್ಲಿ 'ಸ್ಟ್ಯಾನ್' ಎಂಬ ಇನ್ನೊಂದು ಟಿರನೊಸಾರಸ್ 3 ಕೋಟಿ 18 ಲಕ್ಷ ಡಾಲರಿಗೆ ಹೋಯಿತು. 2024ರಲ್ಲಿ 'ಏಪೆಕ್ಸ್' ಎಂಬ ಸ್ಟೆಗೊಸಾರಸ್ 4 ಕೋಟಿ 46 ಲಕ್ಷ ಡಾಲರ್ ತಂದಿತು. ಈ ಬೆಲೆಗೆ ಯಾವ ಮ್ಯೂಸಿಯಂ ಕೈ ಹಾಕೀತು? ಖಾಸಗಿ ಮನೆ ಸೇರಿದ ಮೂಳೆಯನ್ನು ಇನ್ನೊಬ್ಬರು ಮತ್ತೆ ಅಳೆದು ನೋಡುವ ಖಾತರಿ ಇಲ್ಲವಾದ್ದರಿಂದ ಅದರ ಮೇಲೆ ಸಂಶೋಧನೆ ಬರೆಯಲು ಎಷ್ಟೋ ವಿಜ್ಞಾನಿಗಳು ಒಪ್ಪುವುದಿಲ್ಲ. ಏಪೆಕ್ಸ್ ಕೊಂಡ ಹಣಕಾಸು ಉದ್ಯಮಿ ಅದನ್ನು ನ್ಯೂಯಾರ್ಕಿನ ಮ್ಯೂಸಿಯಂಗೆ ನಾಲ್ಕು ವರ್ಷದ ಮಟ್ಟಿಗೆ ಎರವಲು ಕೊಟ್ಟಿದ್ದಾರೆ. ಎರವಲು ಮುಗಿದ ಮೇಲೆ ಅಲ್ಲಿ ಉಳಿಯಲಿ ಎಂದು ಅದರ ಅಚ್ಚು ತೆಗೆಯುವುದೂ ಒಪ್ಪಂದದಲ್ಲೇ ಸೇರಿದೆ.