ವಿಂಚ್ ಮೌಂಟ್: ಹಗ್ಗದ ಎಳೆತ ಷಾಸಿ ತಲುಪುವ ದಾರಿ

ಆಫ್‌ರೋಡ್ ವಾಹನಕ್ಕೆ ವಿಂಚ್ (ಮೋಟಾರಿನಿಂದ ಡ್ರಮ್‌ಗೆ ಹಗ್ಗ ಸುತ್ತಿ, ಹೂತ ಗಾಡಿಯನ್ನು ಎಳೆಯುವ ಯಂತ್ರ) ಕೂರಿಸುವುದನ್ನು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಲೆಕ್ಕಕ್ಕೆ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಯನ್ನು ಇಟ್ಟುಕೊಂಡಿದ್ದೇನೆ. ಅದು ಲ್ಯಾಡರ್ ಷಾಸಿಯ, ಅಂದರೆ ಎರಡು ಉದ್ದ ತೊಲೆಗಳನ್ನು ಏಣಿಯಂತೆ ಜೋಡಿಸಿದ ಅಡಿಗಟ್ಟಿನ ಗಾಡಿ, ಜನ ಮತ್ತು ಸಾಮಾನು ಸೇರಿ ಒಟ್ಟು ತೂಕದ ಮಿತಿ 1,545 ಕೆ.ಜಿ. ಥಾರ್ ಆದರೂ ಹಳೆಯ ಜೀಪ್ ಆದರೂ ಲೆಕ್ಕದ ದಾರಿ ಇದೇ, ಅಂಕಿಗಳಷ್ಟೇ ಬದಲಾಗುತ್ತವೆ.

ಮೌಂಟ್ ಎಂದರೆ ವಿಂಚನ್ನು ಹೊರುವ ತಟ್ಟೆ ಎಂದು ಹೊಸಬರು ತಿಳಿದುಕೊಳ್ಳುತ್ತಾರೆ. ವಿಂಚ್‌ನ ತೂಕ ಹೆಚ್ಚೆಂದರೆ 35–40 ಕೆ.ಜಿ. ಅಷ್ಟನ್ನು ಹೊರಲು ತೆಳ್ಳಗಿನ ತಗಡು ಸಾಕು. ಮೌಂಟ್‌ನ ನಿಜವಾದ ಕೆಲಸ ಬೇರೆ: ಹಗ್ಗದಲ್ಲಿ ಬರುವ ಟನ್‌ಗಟ್ಟಲೆ ಎಳೆತವನ್ನು ಷಾಸಿಯ ಎರಡು ಉದ್ದ ತೊಲೆಗಳಿಗೆ ದಾಟಿಸುವುದು. ಹಗ್ಗದಿಂದ ಡ್ರಮ್‌ಗೆ, ಡ್ರಮ್‌ನಿಂದ ವಿಂಚ್‌ನ ಪಾದಗಳಿಗೆ, ಅಲ್ಲಿಂದ ಬೋಲ್ಟ್, ಪ್ಲೇಟ್, ಬ್ರಾಕೆಟ್, ಕೊನೆಗೆ ಷಾಸಿ. ಯಾವ ಮೌಂಟ್ ಕಣ್ಣಿಗೆ ಬಿದ್ದರೂ ಮೊದಲು ಈ ಸಾಲನ್ನು ಬೆರಳಿಟ್ಟು ಗುರುತಿಸಿ. ಎಲ್ಲಿ ಕೈ ತಡೆಯುತ್ತದೋ ಅಲ್ಲಿಯೇ ಮೌಂಟ್ ಸೋಲುತ್ತದೆ.

ವಿಂಚ್ ಆರಿಸಲು ರೂಢಿಯಲ್ಲಿರುವ ನಿಯಮ, ಒಟ್ಟು ತೂಕದ ಒಂದೂವರೆ ಪಟ್ಟು. ಜಿಮ್ನಿಗೆ ಅದು ಸುಮಾರು 2,320 ಕೆ.ಜಿ., ಅಂದರೆ 5,100 ಪೌಂಡ್. ಆದರೆ ವಿಂಚ್ ಮೇಲೆ ಬರೆದ ಸಾಮರ್ಥ್ಯ ಡ್ರಮ್‌ನ ಅತ್ಯಂತ ಒಳಗಿನ ಸುತ್ತಿಗೆ ಮಾತ್ರ ಅನ್ವಯಿಸುತ್ತದೆ. ಹಗ್ಗ ಪದರ ಪದರವಾಗಿ ಸುತ್ತಿಕೊಂಡಷ್ಟೂ ಎಳೆತ ಇಳಿಯುತ್ತದೆ. ಮೇಲಿನ ಪದರದಲ್ಲಿ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುವುದೂ ಉಂಟು. ಹಾಗಾಗಿ ಇಲ್ಲಿ 8,000 ಪೌಂಡಿನ ವಿಂಚನ್ನು ಹಿಡಿದಿದ್ದೇನೆ. ಈ ವರ್ಗದ ವಿಂಚ್‌ಗಳ ಪಾದದ ರಂಧ್ರಗಳ ಅಂತರ ಬಹುತೇಕ ಒಂದೇ: ಅಗಲಕ್ಕೆ 10 ಇಂಚು, ಮುಂದಿನಿಂದ ಹಿಂದಕ್ಕೆ 4.5 ಇಂಚು, ಅಂದರೆ 254 ಮತ್ತು 114.3 ಮಿ.ಮೀ.

ಗಾಡಿ 1,545 ಕೆ.ಜಿ. ಇದ್ದರೆ ಮೌಂಟ್‌ಗೂ ಅಷ್ಟೇ ಹೊರೆ ಎಂಬ ಲೆಕ್ಕ ತಪ್ಪು. ಚಕ್ರ ಕೆಸರಿನಲ್ಲಿ ಹೂತು ಗಾಡಿ ಕದಲದೆ ನಿಂತಾಗ ವಿಂಚ್ ತನ್ನ ಪೂರ್ಣ ಬಲವನ್ನು ಹಾಕುತ್ತದೆ. ಮೌಂಟ್ ತಾಳಬೇಕಾದದ್ದು ಆ 8,000 ಪೌಂಡನ್ನು, ಅಂದರೆ ಸುಮಾರು 3,630 ಕೆ.ಜಿ. ಎಳೆತವನ್ನು.

ಈಗ ಬೋಲ್ಟ್‌ಗಳ ಲೆಕ್ಕ. ಪಾದಗಳಿಗೆ ನಾಲ್ಕು ಬೋಲ್ಟ್. ನೇರ ಎಳೆತವನ್ನು ಸಮನಾಗಿ ಹಂಚಿದರೆ ಒಂದೊಂದಕ್ಕೆ 900 ಕೆ.ಜಿ. ಆಸುಪಾಸು. ಇಷ್ಟಕ್ಕೇ ಲೆಕ್ಕ ಮುಗಿಸುವವರು ಬಹಳ, ಆದರೆ ಮುಖ್ಯವಾದದ್ದು ಇಲ್ಲಿಂದ ಮುಂದಿದೆ. ಹಗ್ಗ ಹೊರಡುವುದು ಪ್ಲೇಟ್‌ನ ಮಟ್ಟದಲ್ಲಲ್ಲ, ಅದಕ್ಕಿಂತ ಮೇಲೆ. ಆ ಎತ್ತರವನ್ನು 65 ಮಿ.ಮೀ. ಎಂದಿಟ್ಟುಕೊಳ್ಳೋಣ. ಎಳೆತ ಬಿದ್ದಾಗ ವಿಂಚ್ ಮುಂದಕ್ಕೆ ಮಗುಚಿಕೊಳ್ಳಲು ನೋಡುತ್ತದೆ. ಮುಂದಿನ ಪಾದಗಳು ಪ್ಲೇಟನ್ನು ಒತ್ತುತ್ತವೆ, ಹಿಂದಿನ ಪಾದಗಳು ಮೇಲೇಳಲು ಹವಣಿಸುತ್ತವೆ. 3,630ನ್ನು 65ರಿಂದ ಗುಣಿಸಿ 114.3ರಿಂದ ಭಾಗಿಸಿದರೆ 2,060 ಕೆ.ಜಿ.ಯಷ್ಟು ಬರುತ್ತದೆ. ಇದು ಹಿಂದಿನ ಎರಡು ಬೋಲ್ಟ್‌ಗಳನ್ನು ಮೇಲಕ್ಕೆ ಜಗ್ಗುವ ಬಲ. ಒಂದೊಂದರ ಪಾಲು ಟನ್ನಿಗಿಂತ ತುಸು ಹೆಚ್ಚು. 8.8 ದರ್ಜೆಯ 10 ಮಿ.ಮೀ. ಬೋಲ್ಟ್ ಹಿಗ್ಗದೆ ತಾಳುವ ಜಗ್ಗು ಸುಮಾರು 3.4 ಟನ್. ಆದ್ದರಿಂದ ಸರಿಯಾದ ದರ್ಜೆಯ ಬೋಲ್ಟ್ ಸರಿಯಾಗಿ ಬಿಗಿದಿದ್ದರೆ ಭಯವಿಲ್ಲ. ತಲೆಯ ಮೇಲೆ ದರ್ಜೆಯ ಗುರುತೇ ಇಲ್ಲದ ಬೋಲ್ಟನ್ನು ಮಾತ್ರ ಈ ಜಾಗಕ್ಕೆ ಹಾಕಲೇಬೇಡಿ.

ಬೋಲ್ಟ್‌ನ ಉದ್ದಕ್ಕೂ ಅಷ್ಟೇ ಗಮನ ಬೇಕು. ಹಲವು ವಿಂಚ್‌ಗಳಲ್ಲಿ ಪಾದದ ಸಂದಿಯಲ್ಲಿ ಚೌಕಾಕಾರದ ನಟ್ ಕೂರುತ್ತದೆ, ಬೋಲ್ಟ್ ಪ್ಲೇಟ್‌ನ ಕೆಳಗಿನಿಂದ ಏರಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. 6 ಮಿ.ಮೀ. ಪ್ಲೇಟ್‌ಗೆಂದು ಕೊಟ್ಟ ಬೋಲ್ಟನ್ನು 10 ಮಿ.ಮೀ. ಪ್ಲೇಟ್‌ಗೆ ಬಳಸಿದರೆ ನಟ್‌ನಲ್ಲಿ ಎರಡು ಮೂರು ಎಳೆ (ಥ್ರೆಡ್) ಕಡಿಮೆ ಹಿಡಿದಿರುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ತೀರ ಉದ್ದವಾದರೆ ತುದಿ ಒಳಗೆ ತಾಗಿ ನಿಲ್ಲುತ್ತದೆ; ನಿಗದಿತ ಬಿಗಿತ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಕ್ಲಿಕ್ ಎನ್ನುತ್ತದೆ, ಪಾದ ಮಾತ್ರ ಸಡಿಲವಾಗಿಯೇ ಇರುತ್ತದೆ. ಕೈಯಿಂದ ತಿರುಗಿಸಿ, ಎಷ್ಟು ಎಳೆ ಹಿಡಿದಿದೆ ಎಂದು ಎಣಿಸಿಯೇ ಮುಂದುವರಿಯಿರಿ.

ಪ್ಲೇಟ್‌ಗೆ ಐಎಸ್ 2062 ಗುಣಮಟ್ಟದ ಉಕ್ಕು ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ದಪ್ಪ ಹೆಚ್ಚಿಸುವುದಕ್ಕಿಂತ ಮುಂದಿನ ಮತ್ತು ಹಿಂದಿನ ಅಂಚನ್ನು ಮಡಚಿಸುವುದು ಜಾಣತನ. ಮಡಚಿದ 6 ಮಿ.ಮೀ. ಪ್ಲೇಟ್, ಚಪ್ಪಟೆಯಾದ 10 ಮಿ.ಮೀ. ಪ್ಲೇಟ್‌ಗಿಂತ ಕಡಿಮೆ ತೂಗುತ್ತದೆ, ಬಾಗುವುದೂ ಕಡಿಮೆ. ಪಾದ ಕೂರುವ ಮೇಲ್ಮೈ ಅರ್ಧ ಮಿ.ಮೀ.ಗಿಂತ ಹೆಚ್ಚು ಏರುಪೇರಾಗಿರಬಾರದು. ಸೊಟ್ಟ ಪ್ಲೇಟ್‌ಗೆ ಬೋಲ್ಟ್ ಬಿಗಿದರೆ ವಿಂಚ್‌ನ ಮೈಯೇ ತಿರುಚಿಕೊಳ್ಳುತ್ತದೆ, ಡ್ರಮ್ ಬಿಗಿಯಾಗಿ ತಿರುಗುತ್ತದೆ, ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಬಿಗಿಯುವ ಮುಖಗಳ ನಡುವೆ ದಪ್ಪ ಪೌಡರ್ ಕೋಟಿಂಗ್ ಕೂಡ ಬೇಡ. ಒತ್ತಡಕ್ಕೆ ಅದು ನಿಧಾನವಾಗಿ ತೆಳುವಾಗಿ ಬೋಲ್ಟ್ ಸಡಿಲಗೊಳ್ಳುತ್ತದೆ.

ಇನ್ನು ಷಾಸಿ. ಷಾಸಿಗೆ ವೆಲ್ಡಿಂಗ್ ಮಾಡಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪನಿಯೇ ಕೊಟ್ಟ ರಂಧ್ರಗಳಿಗೆ ಬೋಲ್ಟ್ ಹಾಕುವ ಬ್ರಾಕೆಟ್ ಮಾಡಿಸಿ. ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ತೊಲೆಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬೋಲ್ಟ್ ಹಾಕುವಾಗ ಒಳಗೊಂದು ಉಕ್ಕಿನ ಕೊಳವೆಯನ್ನು ಬುಷ್‌ನಂತೆ ಇಡಲೇಬೇಕು. ಇಲ್ಲವಾದರೆ ಬಿಗಿದಂತೆಲ್ಲ ತೊಲೆಯ ಗೋಡೆ ಒಳಕ್ಕೆ ಕುಸಿಯುತ್ತದೆ. ಅಪಘಾತದಲ್ಲಿ ಮಡಚಿಕೊಂಡು ಪೆಟ್ಟು ನುಂಗಲೆಂದು ತುದಿಯಲ್ಲಿಟ್ಟ ಮೆತ್ತನೆಯ ಭಾಗಗಳಿಗೆ ಮೌಂಟ್ ಕಟ್ಟಬೇಡಿ, ಏರ್‌ಬ್ಯಾಗ್ ಸೆನ್ಸರ್‌ಗೆ ಅಡ್ಡ ಬರಬೇಡಿ.

ಓರೆ ಎಳೆತದ್ದು ಬೇರೆಯೇ ಕಥೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ದಾರಿಗಳಲ್ಲಿ ಹಗ್ಗ ಕಟ್ಟಬಹುದಾದ ಮರ ಗಾಡಿಯ ಮೂತಿಗೆ ನೇರವಾಗಿ ಸಿಗುವುದು ಅಪರೂಪ. ಓರೆಯಾಗಿ ಎಳೆದಾಗ ಎರಡು ತೊಲೆಗಳ ಹೊರೆ ಸಮನಾಗಿರುವುದಿಲ್ಲ, ಒಂದರ ಪಾಲು ಬಹಳ ಹೆಚ್ಚುತ್ತದೆ. ಜೊತೆಗೆ ಎರಡೂ ತೊಲೆಗಳನ್ನು ಪಕ್ಕಕ್ಕೆ ತಳ್ಳುವ ಬಲವೂ ಬೀಳುತ್ತದೆ. ಬ್ರಾಕೆಟ್‌ಗಳನ್ನು ಜೋಡಿಸುವ ಅಡ್ಡಪಟ್ಟಿ ಗಟ್ಟಿಯಾಗಿರಬೇಕಾದದ್ದು ಇದಕ್ಕಾಗಿ.

ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ: ರಾಟೆ ಹಾಕಿ ಎರಡು ಎಳೆಯಲ್ಲಿ ಎಳೆದರೆ ಮೌಂಟ್‌ನ ಹೊರೆ ಇಮ್ಮಡಿಯಾಗುತ್ತದೆಯೇ? ಹಗ್ಗದ ಕೊನೆಯನ್ನು ಷಾಸಿಯ ಟೋ ಹುಕ್‌ಗೆ ಸಿಕ್ಕಿಸಿದರೆ ಇಲ್ಲ. ಗಾಡಿಗೆ ಎರಡು ಪಟ್ಟು ಎಳೆತ ಸಿಗುತ್ತದೆ, ಮೌಂಟ್‌ಗೆ ಬರುವುದು ಒಂದು ಎಳೆಯ ಪಾಲು ಮಾತ್ರ. ಅದೇ ಕೊನೆಯನ್ನು ಮೌಂಟ್‌ಗೇ ಸಿಕ್ಕಿಸಿದರೆ ಎರಡೂ ಎಳೆಗಳ ಹೊರೆ ಅದರ ಮೇಲೆಯೇ.

ಕಾನೂನನ್ನೂ ತಿಳಿದಿರಬೇಕು. ಗಾಡಿಯ ಮೂತಿಗೆ ಹೊರಗಿನಿಂದ ಕಟ್ಟುವ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಬಂಪರ್ ಹಿಂದೆ ಅಡಗಿ ಕೂರುವ ಮೌಂಟ್ ಪಾದಚಾರಿಗಳಿಗೆ ಕಡಿಮೆ ಅಪಾಯಕಾರಿ. ಆದರೂ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಜೋಡಿಸುವಾಗ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆಮೇಲೆ ಬಂಪರ್. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಿಂದಷ್ಟೇ ಏರಿಸಿ, ಡ್ರಮ್ ಫೇರ್‌ಲೀಡ್‌ಗೆ (ಹಗ್ಗ ಹೊರಬರುವ ಕಡೆ ಅದಕ್ಕೆ ದಾರಿ ತೋರುವ ಚೌಕಟ್ಟು) ಸಮಾನಾಂತರವಾಗಿದೆಯೇ, ಬಂಪರ್ ಮರಳಿ ಕೂತ ಮೇಲೂ ವಿಂಚ್‌ನ ಕ್ಲಚ್ ಹಿಡಿಕೆಗೆ ಕೈ ತಲುಪುತ್ತದೆಯೇ ನೋಡಿ. ಆಮೇಲೆ ತಯಾರಕರ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಉಕ್ಕಿನ ಹಗ್ಗಕ್ಕೆ ರೋಲರ್ ಫೇರ್‌ಲೀಡ್, ಸಿಂಥೆಟಿಕ್ ಹಗ್ಗಕ್ಕೆ ರೋಲರ್ ಇಲ್ಲದ ನುಣುಪಾದ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್. ಪೂರ್ಣ ಹೊರೆಯಲ್ಲಿ ಮೋಟಾರ್ 400 ಆಂಪಿಯರ್‌ನಷ್ಟು ಎಳೆಯಬಲ್ಲದು, ಆದ್ದರಿಂದ ಪ್ಲೇಟ್‌ನ ಅಂಚಿಗೆ ತಂತಿ ಉಜ್ಜುವ ಜಾಗವಿದ್ದರೆ ರಬ್ಬರ್ ಹೊದಿಕೆ ಹಾಕದೆ ಬಿಡಬೇಡಿ.

ಬಿಗಿದ ಪ್ರತಿ ಬೋಲ್ಟ್‌ನ ತಲೆಯಿಂದ ಪ್ಲೇಟ್‌ಗೆ ಬಣ್ಣದ ಗೆರೆ ಎಳೆಯಿರಿ. ಮೊದಲ ಎಳೆತವನ್ನು ಸಮತಟ್ಟಾದ ಜಾಗದಲ್ಲಿ, ಸುತ್ತ ಯಾರೂ ನಿಲ್ಲದಂತೆ ನೋಡಿಕೊಂಡು ಹಗುರ ಹೊರೆಯಲ್ಲಿ ಮಾಡಿ, ಆ ಗೆರೆಗಳನ್ನು ಒಂದೊಂದಾಗಿ ನೋಡಿ. ಗೆರೆ ಕದಲಿದ ಬೋಲ್ಟನ್ನು ಬಿಚ್ಚಿ, ಕಾರಣ ಹುಡುಕಿ, ಮತ್ತೆ ಬಿಗಿದ ನಂತರವಷ್ಟೇ ಗಾಡಿಯನ್ನು ಕೆಸರಿಗೆ ಇಳಿಸಿ.